ಬೀಗರು ಉಂಡು ಹೋದ ಮೇಲೆ

ಕಾರು ದೊಡ್ಡಿಯ ರಸ್ತೆಗೆ ತಿರುಗಿ
ಕಬ್ಬಿನ ಲಾರಿಯ ಹಿಂದೆ ಹಾರನ್ ಹೊಡೆದದ್ದು
ಹಿತ್ತಿಲವರೆಗೂ ಕೇಳಿತು.
ಹೋದರು.
ಸೆರಗು ಸೊಂಟಕ್ಕೆ ಸಿಕ್ಕಿಸಿ ಪಾತ್ರೆಗಳ ಮುಂದೆ ಕೂತೆ.

ಒಂದೊಂದಕ್ಕೂ ಒಂದೊಂದು ಮಾತು ಮೆತ್ತಿಕೊಂಡಿತ್ತು.

ಮುದ್ದೆ ತಪ್ಪಲೆಯ ತಳದಲ್ಲಿ, ಸೀಕಿನ ಜೊತೆ,
ನಾದಿನಿಯ ಮಾವನದು:
'ಇದನ್ನೆಲ್ಲ ನಾವು ಬಿಟ್ಟು ಎಷ್ಟೋ ಕಾಲ ಆಯ್ತಮ್ಮ.'
ಸರಸ್ವತಿಪುರದಲ್ಲಿ ಮನೆ ಕಟ್ಟಿ ಹನ್ನೆರಡು ವರ್ಷ.
ಅದಕ್ಕೂ ಮೊದಲು ಅವರ ಹೊಟ್ಟೆಗೆ ಏನು ಬೀಳುತ್ತಿತ್ತು
ಎಂದು ಇಡೀ ಮಳವಳ್ಳಿಗೆ ಗೊತ್ತು.
ತೆಂಗಿನ ನಾರು ಹಾಕಿ ತಿಕ್ಕಿದೆ.

ಶಾವಿಗೆ ಒರಳಿನ ತೂತುಗಳಲ್ಲಿ ಜಯಶೀಲಮ್ಮನದು:
'ಶಾವಿಗೆನೋ, ಹಗ್ಗಾನೋ?'
ಹಿಟ್ಟು ತೊಳಸಿದ್ದು ನಾನು,
ಒರಳಿನ ಹಿಡಿಗೆ ಜೋತುಬಿದ್ದು ಒತ್ತಿದ್ದು ನನ್ನ ಮಗ.
ಕಡ್ಡಿ ತೂರಿಸಿ ಒಂದೊಂದೇ ತೂತು ಬಿಡಿಸಿದೆ.

ಕಾಯಿಹಾಲಿನ ಚೊಂಬಿನಲ್ಲಿ ಮೊಮ್ಮಗಳ 'ಥೂ, ವಾಸನೆ.'
ಅದು ಮಗು, ಬಿಡಿ.
ಅಜ್ಜಿಯ ಮೂಗು ನೋಡಿಕೊಂಡು ತನ್ನದನ್ನು ಹಿಡಿದದ್ದು.

ಹಿತಕಿದ ಬೇಳೆಯ ಸಾರಿಗೆ ಎರಡು ಮಾತು.
ಭಾವ ಅಂದದ್ದು, ಬೇಳೆ ಬೆಂದಿಲ್ಲ.
ಅವನ ತಮ್ಮ ಅಂದದ್ದು, ಬೆಂದು ಕರಗಿಹೋಗಿದೆ.
ಪಕ್ಕಪಕ್ಕದ ಎಲೆ. ಒಂದೇ ಸೌಟು.
ರಾತ್ರಿ ಒಂದರವರೆಗೆ ಹಿತಕಿದ್ದೇನೆ ಆ ಅವರೆಯನ್ನು,
ಉಗುರ ಸಂದಿ ಉರಿಯುತ್ತಿದೆ,
ಸೊಗಡು ಇನ್ನೂ ಬೆರಳು ಬಿಟ್ಟಿಲ್ಲ.

ನಾನೇನಂದೆ? 'ಇನ್ನೊಂದು ಸ್ವಲ್ಪ ಬಡಿಸಲಾ?'
ಹೆಣ್ಣು ಕೊಟ್ಟವರ ಮನೆಯ ಸೌಟು
ಬಗ್ಗಿಯೇ ಇರಬೇಕಲ್ಲ.
ಇವರು ಗೋಡೆಗೊರಗಿ ನಿಂತು ನೀರು ನೀರು ಅಂತ
ಬೇಡದವರಿಗೂ ನೀರು ಬಿಟ್ಟರು.
ಸಾಲಿನ ತುದಿಯಲ್ಲಿ ನಾದಿನಿ ಇಂದಿರಾ
ಒಮ್ಮೆ ತಲೆಯೆತ್ತಿ ನನ್ನ ಮುಖ ನೋಡಿದಳು.
ಮುದ್ದೆ ಬೇಕೇನೋ ಅಂತ ಓಡಿ ತಂದೆ.
'ಸಾಕು ಅತ್ತಿಗೆ' ಎಂದು ಎಲೆಗೆ ಕೈ ಅಡ್ಡ ಹಿಡಿದಳು.

ಮೂರೂವರೆಗೆ ಎಲ್ಲ ಬೋರಲು ಹಾಕಿ
ಉಳಿದ ಮುದ್ದೆ ಮುರಿದು
ತಳದ ಸಾರು ಬಗ್ಗಿಸಿಕೊಂಡು
ಒಂದು ತುತ್ತು ನುಂಗಿದೆ.
ತಡೆದೆ.
ಇನ್ನೊಂದು ತುತ್ತು.

ಉಪ್ಪಿಲ್ಲ.

ಕಮ್ಮಿ ಅಲ್ಲ, ಇಲ್ಲವೇ ಇಲ್ಲ.
ಒಂದು ಗಂಟೆಗೆ ಬರುತ್ತೇವೆ ಅಂದವರು ಹನ್ನೊಂದಕ್ಕೇ ಬಂದಾಗ
ಒಗ್ಗರಣೆ ಬಿಟ್ಟು ಕಾಲಿಗೆ ನೀರು ಕೊಡಲು ಓಡಿದವಳು
ಆಮೇಲೆ ಉಪ್ಪಿನ ಮರಿಗೆ ಮುಟ್ಟಿದ ನೆನಪೇ ಇಲ್ಲ.

ಐದು ನಾಲಗೆ, ಒಂದು ಗಂಟೆ ಹೊತ್ತು.
ಬಣ್ಣಕ್ಕೆ ತಪ್ಪು, ವಾಸನೆಗೆ ತಪ್ಪು,
ಎಲೆ ಸೀಳಿದ್ದಕ್ಕೆ, ಫ್ಯಾನು ಕಿರುಗುಟ್ಟಿದ್ದಕ್ಕೆ,
ಗೋಡೆಯ ಸುಣ್ಣಕ್ಕೆ ಕೂಡ ತಪ್ಪು ಸಿಕ್ಕಿತು ಅವರಿಗೆ.
ಇದ್ದ ತಪ್ಪು ಒಂದೇ, ಅದು ಸಿಗಲಿಲ್ಲ.

ನಕ್ಕೆ. ಒಲೆ ಪಕ್ಕದ ಬೆಕ್ಕು ಬೆಚ್ಚಿ
ಕಿಟಕಿಯಿಂದ ಹಾರುವಷ್ಟು ನಕ್ಕೆ.
ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ.
ಬಗೆಯಲಿ, ಪಾಪ, ಬೇಕಾದಷ್ಟು ಬಗೆಯಲಿ.
ನಮ್ಮ ಮನೆಯ ಒಂದು ಹರಳಿನ ಋಣವೂ ಅವರ ಮೇಲಿಲ್ಲ.

ಮರಿಗೆ ಎಳೆದುಕೊಂಡು ಕೈಗೆ ಬಂದಷ್ಟು ಹಾಕಿ ಕಲಸಿದೆ.
ಆಗ ನೆನಪಾಯಿತು ಆ ನೋಟ.

ಮುದ್ದೆ ಕೇಳಿದ್ದಲ್ಲ ಆ ಹುಡುಗಿ.
ಮೊದಲ ತುತ್ತಿಗೇ ತಿಳಿದುಹೋಗಿತ್ತು ಅವಳಿಗೆ.
ಆದರೂ ಎಲೆ ಬಳಿದು, ಬೆರಳು ನೆಕ್ಕಿ,
'ನಮ್ಮತ್ತಿಗೆ ಕೈಯಡುಗೆನೇ ಬೇರೆ' ಅಂದಿದ್ದಳು
ಎಲ್ಲರಿಗೂ ಕೇಳುವ ಹಾಗೆ.

ಮದುವೆಯಾಗಿ ಎಂಟು ತಿಂಗಳು.
ಮೊಸರಿಗೆ ಸಕ್ಕರೆ ಸಾಲದೆಂದು
ತಟ್ಟೆ ತಳ್ಳಿ ಅಳುತ್ತಿದ್ದವಳು.
ಎಲ್ಲಿ ಕಲಿತಳೋ,
ಮುಖ ಮುರಿಯದೆ
ಇಷ್ಟೊಂದು ಸಪ್ಪೆ ನುಂಗುವುದನ್ನು.