ಊನಾಳ ಉಸಿರು

ಮಾಗಡಿ ರಸ್ತೆ, ಮರದ ಮಿಲ್ಲಿನ ಮೇಲಿನ ಸ್ಟುಡಿಯೋ.
ಕೆಳಗೆ ಗರಗಸ ನಿಂತಾಗಷ್ಟೇ ರೆಕಾರ್ಡಿಂಗು.
ಇಲ್ಲಿ ಮೊದಲು ಅವಳ ಸಾವಿಗೆ ದನಿ ಕೊಟ್ಟೆ.
ಎಂಬತ್ತರ ಅಜ್ಜಿ, ಐರ್ಲೆಂಡಿನವಳು, ಊನಾ.

ಆಮೇಲೆ ಬಂದವು ಹಳೆಯವು, ಹಿಂದುಮುಂದಾಗಿ:
ಅತ್ತೆ, ಜಡ್ಜಮ್ಮ, ಬಸುರಿ ನರ್ಸು.
ನಾನು ದಪ್ಪಗಾಗುತ್ತ, ಅವಳು ತೆಳ್ಳಗಾಗುತ್ತ.
"ದನಿ ಮುಂಚೆ ಬಿತ್ತು ಮೇಡಂ,"
ಗಾಜಿನಾಚೆಯಿಂದ ಜಬೀವುಲ್ಲಾ.

ನಾಟಕದವಳು. ಹೊಟ್ಟೆಯಿಂದ ಉಸಿರೆಳೆಯುತ್ತಾಳೆ;
ಕ್ಯಾಮೆರಾ ಮೂಗಿಗೇ ಬಂದರೂ
ಕೊನೇ ಬೆಂಚಿನವನನ್ನು ಮರೆಯುವುದಿಲ್ಲ.
ಆ ರಂಗ ನಾನು ಕಂಡಿಲ್ಲ.
ಅಲ್ಲಿ ಅವಳ ದನಿ ಒರೆಸಲು
ನನ್ನಂಥವರು ಯಾರೂ ಇರಲಿಲ್ಲ.

ಇವತ್ತು ಅವಳಿಗೆ ಹತ್ತೊಂಬತ್ತು. ಮೊದಲ ಚಿತ್ರ.
ಬಾಗಿಲು ತೆರೆದು ಒಂದೇ ಮಾತು: "ಯಾರು?"
ಏಳು ಟೇಕು.
ಎಂಟನೆಯದಕ್ಕೆ
ಹೆಡ್‌ಫೋನು ತೆಗೆದಿಟ್ಟು
ಅವಳ ತುಟಿಯನ್ನಷ್ಟೇ ನೋಡುತ್ತ ನಿಂತೆ,
ಕೆಳಗೆ ಗರಗಸ ಶುರುವಾಗುವ ತನಕ.