ನಾಲಗೆ ಮುಟ್ಟದ ಜಾಗ

ಪೊಟ್ಟಣದ ಮೇಲೆ ಬರೆದಿತ್ತು:
ಕತ್ತಿನ ಹಿಂದೆ, ಕೂದಲು ಬಿಡಿಸಿ, ಚರ್ಮಕ್ಕೇ ತಾಕುವಂತೆ,
ನಾಲಗೆ ಮುಟ್ಟದ ಜಾಗದಲ್ಲಿ.
ತಾಯಿಬೆಕ್ಕು ಮರಿಯನ್ನು ಕಚ್ಚಿ ಎತ್ತುವುದೂ ಅಲ್ಲೇ ತಾನೆ,
ಹಾಗಾದರೆ ಸರಿ ಅಂದುಕೊಂಡೆ.

ಗ್ರಿಮ್ಸ್‌ಬಿಯ ಸಂತೆಯಲ್ಲಿ ಮೂರು ಪೌಂಡಿಗೆ ಎರಡು,
ಚಿಗಟದ ಔಷಧಿ.
ಮಾರಿದವನು ಮೊಬೈಲಿನ ಕವರುಗಳನ್ನೂ ಮಾರುತ್ತಿದ್ದ.

ಹೆಸರು ಇಜ್ಜಲಿ. ಬಣ್ಣ ಹೇಳಬೇಕಾಗಿಲ್ಲ.
ಈ ಬೀದಿಯ ಬಾಯಲ್ಲಿ ಅವಳು ಇಝಿ.
ಪಕ್ಕದ ಮನೆಯಾಕೆ ಮಾರ್ಜರಿ,
ಹೆಸರಿನೊಳಗೇ ಬೆಕ್ಕಿದೆ, ಬೆಕ್ಕು ಕಂಡರಾಗದು;
ಅವಳ ಹೆಸರಿಗೆ ನಾನೇಕೆ ನಗುತ್ತೇನೆಂದು
ಹನ್ನೊಂದು ವರ್ಷದಿಂದ ಹೇಳಿಲ್ಲ.

ಹಚ್ಚಿದ ರಾತ್ರಿ ಇಜ್ಜಲಿ ಮನೆಯೆಲ್ಲ ಓಡಿದಳು,
ಕತ್ತಿಗೆ ಯಾರೋ ಕೂತಿದ್ದಾರೆ ಎಂಬಂತೆ.
ಮರುದಿನ ರೋಮ ಅಂಟಿಕೊಂಡು ಮುಳ್ಳುಮುಳ್ಳು.
ಮೂರನೆಯ ದಿನ ಸವರಿದೆ,
ಕೂದಲು ಕೈಗೇ ಬಂತು.
ಕೆಳಗೆ ಹತ್ತು ಪೆನ್ಸ್ ನಾಣ್ಯದಷ್ಟು ಚರ್ಮ,
ಕೆಂಪಗೆ, ಒದ್ದೆಯಾಗಿ,
ನಾನು ನೋಡಬಾರದಿದ್ದ ಏನನ್ನೋ ನೋಡಿದ ಹಾಗೆ.

ಸಿಂಕಿನಲ್ಲಿ ನಿಲ್ಲಿಸಿ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದೆ.
ನನ್ನ ಮಣಿಕಟ್ಟಿನ ಮೇಲೆ ನಾಲ್ಕು ಗೆರೆ.
ಅವು ನನಗೆ ಸಲ್ಲಬೇಕಾದವೇ.

ಫ್ರೀಮನ್ ಬೀದಿಯಲ್ಲಿ ನನ್ನ ಕೆಲಸ ತಲೆಗೂದಲಿನದು.
ಬಣ್ಣ ಕೇಳಿ ಬಂದವರಿಗೆಲ್ಲ ನನ್ನದೊಂದೇ ಪಾಠ:
ಕಿವಿಯ ಹಿಂದೆ ಮೊದಲು ಒಂದು ಹನಿ,
ನಲವತ್ತೆಂಟು ಗಂಟೆ ಕಾಯಿರಿ,
ಉರಿದರೆ, ತುರಿಸಿದರೆ, ಬೇಡ.
ಮದುವೆ ನಾಳೆಯೇ ಇದೆ ಎಂದು ಅತ್ತವಳನ್ನೂ
ಹಾಗೆಯೇ ವಾಪಸ್ಸು ಕಳಿಸಿದ್ದೇನೆ.
ಎಲ್ಲರ ಸಹಿಯೂ ಇದೆ ನನ್ನ ಡ್ರಾಯರಿನಲ್ಲಿ.
ಇಜ್ಜಲಿಯ ಸಹಿ ಎಲ್ಲಿದೆ?

ಡಾಕ್ಟರಿಗೆ ಇಪ್ಪತ್ತೆಂಟಿರಬಹುದು, ತೋಳಿನ ತುಂಬ ಕಂದು ಚುಕ್ಕೆ.
ಪೊಟ್ಟಣ ತಂದಿದ್ದೀರಾ ಎಂದಳು.
ಕಸದ ಡಬ್ಬಿಯೊಳಗೆ ಭುಜದವರೆಗೂ ಇಳಿದು ತಂದಿದ್ದೆ,
ಚಹಾದ ಚರಟ ಮೆತ್ತಿಕೊಂಡೇ ಕೊಟ್ಟೆ.
ಓದಿ ಉಸಿರು ಬಿಟ್ಟಳು:
ಸದ್ಯ, ನಾಯಿಗಳದ್ದಲ್ಲ.
ನಾಯಿಗಳದ್ದಾಗಿದ್ದರೆ ನಾವು ಬೇರೆ ಮಾತಾಡುತ್ತಿದ್ದೆವು.
ಕೆಲವರ ಚರ್ಮ ಹಾಗೆ. ಔಷಧಿಗೇ ಇರಬಹುದು,
ಔಷಧಿ ಕರಗಿಸಿದ ದ್ರವಕ್ಕೂ ಇರಬಹುದು.
ನಿಮ್ಮ ತಪ್ಪಲ್ಲ.
ಅದನ್ನು ಅವಳು ಬಿಲ್ಲು ಟೈಪು ಮಾಡುತ್ತಾ ಹೇಳಿದಳು.
ಎಂಬತ್ತೆರಡು ಪೌಂಡು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಕೇಳುತ್ತಾರಲ್ಲ,
ನಾನು ಲಾಳಿಕೆಯನ್ನೇ ಕಟ್ಟಿದೆ.
ಪ್ಲಾಸ್ಟಿಕ್ಕಿನ ಆ ಹೂವಿನ ನಡುವೆ ಅವಳ ಮುಖ,
ಬಾಗಿಲಿಗೆ ಟಕ್, ಕುರ್ಚಿಗೆ ಟಕ್,
ನೀರಿನ ಬಟ್ಟಲಿಗೆ ಟಕ್.
ಬಿಚ್ಚಿದ ಗಳಿಗೆ ಪಂಜ ನೆಕ್ಕುವಳು, ಬಾಲ ನೆಕ್ಕುವಳು,
ಆಮೇಲೆ ನಾಲಗೆ ಚಾಚಿ ಕತ್ತಿನತ್ತ ಹೊರಳುವಳು,
ಹೊರಳಿ ಹೊರಳಿ ತನ್ನನ್ನೇ ಒಂದು ಸುತ್ತು ಬಂದು
ಏನೂ ಆಗಿಲ್ಲವೆಂಬಂತೆ ಕೂರುವಳು.

ನನ್ನ ಕೈ ಕಂಡರೆ ಕತ್ತು ಒಳಗೆಳೆದುಕೊಳ್ಳುತ್ತಿದ್ದಳು.
ಕೈಯನ್ನು ಗಾಳಿಯಲ್ಲೇ ಹಿಡಿದು ಕಾದೆ
ಒಂದು ರಾತ್ರಿ, ಹತ್ತು ರಾತ್ರಿ,
ಟಿವಿಯಲ್ಲಿ ಹವಾಮಾನ ಮುಗಿಯುವ ತನಕ.
ಹನ್ನೊಂದನೆಯ ರಾತ್ರಿ ಅವಳೇ ಬಂದು
ತಲೆಯನ್ನಲ್ಲ, ಪೃಷ್ಠವನ್ನು ಒಪ್ಪಿಸಿದಳು.
ಅಷ್ಟಾದರೂ.

ಚಿಗಟಗಳೇನೋ ಸತ್ತವು.
ಮೂರು ಪೌಂಡಿಗೆ ಆ ಕೆಲಸ ಮಾತ್ರ ಸರಿಯಾಗಿತ್ತು.

ಆರು ವಾರಕ್ಕೆ ರೋಮ ಬಂತು. ಬೆಳ್ಳಗೆ.
ಕಪ್ಪಿನಲ್ಲಿ ಹದಿನಾಲ್ಕು ಕಪ್ಪು ಗೊತ್ತು ನನಗೆ,
ಈ ನಾಣ್ಯದಷ್ಟು ಬಿಳಿಯನ್ನು ಯಾವುದರಿಂದಲೂ ಮುಚ್ಚಲಾರೆ.
ಇವಳಿಗೂ ನರೆ ಬಂತು ನೋಡು,
ಬೇಲಿಯ ಮೇಲಿಂದ ಮಾರ್ಜರಿ.
ಹೌದು ಎಂದೆ, ಸುಲಭವಾಗಿತ್ತು.

ಬೆನ್ನು ಮಾಡಿ ಕಿಟಕಿಯಲ್ಲಿ ಕೂತರೆ
ಆ ಹನಿ ಇನ್ನೂ ಆರಿಲ್ಲವೇನೋ ಅನ್ನಿಸುತ್ತದೆ.

ಫ್ರಿಜ್ಜಿನ ಮೇಲೆ ಹೊಸದೊಂದು ಪೊಟ್ಟಣ,
ಡಾಕ್ಟರೇ ಕೊಟ್ಟದ್ದು, ಬಾಯಿಗೆ ಹಾಕುವ ಮಾತ್ರೆ.
ಮೂರು ಸಲ ಓದಿದ್ದೇನೆ, ಒಡೆದಿಲ್ಲ.
ಇವತ್ತು ಬೆಳಗ್ಗೆ ಇಜ್ಜಲಿ ಕಿವಿ ಕೆರೆದುಕೊಂಡಳು.
ಒಮ್ಮೆ.