ಸೀಮೆಸುಣ್ಣ

ಸೋಮವಾರ, ಎರಡನೇ ಪೀರಿಯಡ್ಡು.
ಬೋರ್ಡಿನ ಮೇಲೆ 'ರಾಷ್ಟ್ರೀಯತೆಯ ಉದಯ' ಎಂದು ಬರೆಯುತ್ತ
'ದ'ಕಾರದ ಹೊಟ್ಟೆಯಲ್ಲಿ ಸೀಮೆಸುಣ್ಣ ಮುರಿಯಿತು.
ತುಂಡು ಉರುಳಿ ಮೊದಲ ಬೆಂಚಿನಡಿ ಹೋಯಿತು.
ಬಗ್ಗಿ ತಡಕುವಾಗ ಹೊಳೆಯಿತು:
ಎಣ್ಣೆ ಬಂತು, ಸೀಮೆಎಣ್ಣೆ ಅಂದೆವು,
ಹಸು ಬಂತು, ಸೀಮೆಹಸು,
ಬದನೆಗೂ ಅದೇ ಹೆಸರಿಟ್ಟು
ಹುಳಿಗೆ ಹಾಕಿಕೊಂಡೆವು.
ನೋಟ್ಸಿನಲ್ಲಿ ಇದಿಲ್ಲ.
ಸೆರಗು ಕೊಡವಿಕೊಂಡು ಎದ್ದೆ.

ಏಳು ಚೂರು ಇಟಲಿಯನ್ನು ಹೊಲಿದೆ.
ಮೂವತ್ತೊಂಬತ್ತು ಚೂರಿನ ಜರ್ಮನಿಯನ್ನು
'ರಕ್ತ ಮತ್ತು ಕಬ್ಬಿಣ' ಅಂಡರ್‌ಲೈನ್ ಮಾಡಿಸಿ ಅಂಟಿಸಿದೆ.
ಒಂದು ಭಾಷೆ, ಒಂದು ಜನ, ಒಂದು ದೇಶ;
ಬರ್ಕೊಳ್ಳಿ, ಐದು ಮಾರ್ಕ್ಸಿಗೆ ಬರತ್ತೆ.

ಚಲಪತಿ ಎದ್ದ.
ಮನೆಯಲ್ಲಿ ತೆಲುಗು, ಗೂಡಿನ ಮಾರ್ಕೆಟ್ಟಿನಲ್ಲಿ ಉರ್ದು,
ಪರೀಕ್ಷೆಗೆ ಕನ್ನಡ, ಬೈಯುವುದಕ್ಕೆ ಮೂರೂ.
"ಹಂಗಾದ್ರೆ ಮೇಡಂ, ನಾನೊಬ್ನೇ ಎಷ್ಟು ದೇಶ?"
ಕ್ಲಾಸಿಗೆ ಕ್ಲಾಸೇ ನಕ್ಕಿತು, ನಾನೂ.
ನಗು ಮುಗಿದ ಮೇಲೂ
ಅವನು ಕೂತಿರಲಿಲ್ಲ.

ಬುಧವಾರ ಸ್ವದೇಶಿ.
ಬೋರ್ಡಿನಲ್ಲಿ ಚರಕ ಬಿಡಿಸಿದೆ, ದುಂಡಗೇ ಬಂದಿತ್ತು.
ಹಿಂದಿನ ಬೆಂಚು ಕಿಸಕ್ಕೆಂದಿತು:
"ಒಲೆ ಎಲ್ಲಿ ಮೇಡಂ ಇದಕ್ಕೆ?"
ಶಿಡ್ಲಘಟ್ಟದಲ್ಲಿ ಚರಕ ಅಂದರೆ
ನಸುಕು ನಾಲ್ಕಕ್ಕೇ ಹೊತ್ತುವ ಬೆಂಕಿ,
ಕುದಿವ ಬಾಣಲೆಯಲ್ಲಿ ತೇಲುವ ಗೂಡು,
ಓಣಿಗೆ ಓಣಿಯೇ ಉಟ್ಟುಕೊಂಡ ಹುಳ ಬೆಂದ ವಾಸನೆ.

ಆಗ ತೆಗೆದೆ ನನ್ನ ಹೋಲಿಕೆ,
ಹದಿನಾರು ವರ್ಷದಿಂದ ಕೈಬಿಡದ ಹೋಲಿಕೆ.
ತುರುವೇಕೆರೆಯವಳು ನಾನು, ಈ ಊರು ನೋಡಿದ್ದು
ಹೆಚ್ಚಾಗಿ ಬಸ್ಸಿನ ಕಿಟಕಿಯಿಂದ. ಆದರೂ ಅಂದೆ:
ಒಂಟಿ ಎಳೆ ಕಣ್ಣಿಗೂ ಕಾಣದು,
ಎಂಟು ಗೂಡಿನ ಎಳೆ ಕೂಡಿದರೆ ನೂಲು,
ನೂಲು ಕೂಡಿದರೆ ಮದುವೆಯ ಸೀರೆ.
ದೇಶವೂ ಹೀಗೇ, ಮಕ್ಕಳೇ.
ಪ್ರತಿವರ್ಷ ಇಲ್ಲಿಗೆ ಬಂದರೆ
ಅರವತ್ತು ತಲೆ ಒಟ್ಟಿಗೆ ಆಡುತ್ತವೆ.

ತಸ್ಕೀನ್ ಮಾತಾಡುವ ಹುಡುಗಿಯಲ್ಲ.
ಹಾಜರಿಗೂ ಬರೀ ಕೈ ಎತ್ತುತ್ತಾಳೆ;
ಬೆರಳ ತುದಿ ಬಿಳಿಚಿ, ತೊಗಲು ಸುಕ್ಕು.
ಅವಳಮ್ಮನ ಬೆರಳಲ್ಲಂತೂ ಗೆರೆಯೇ ಉಳಿದಿಲ್ಲ.
ರೇಷನ್ ಅಂಗಡಿಯ ಯಂತ್ರ ತಿಂಗಳು ತಿಂಗಳೂ
ನೀನು ನೀನಲ್ಲ ಅನ್ನುತ್ತದೆ ಆಕೆಗೆ.
"ಎಳೆ ಸೇರತ್ತೆ ಮೇಡಂ," ಅಂದಳು,
"ಬೇಯಿಸ್ದೆ ಮಾತ್ರ ಗೂಡು ಎಳೆ ಬಿಡಲ್ಲ.
ಒಳಗಿನ ಹುಳದ್ದು
ಯಾವ ಪುಟದಲ್ಲಿ ಬರತ್ತೆ?"

ಫ್ಯಾನು ತಿರುಗುತ್ತಿತ್ತು.
ಚಲಪತಿ ಅವಳ ಕಡೆ ನೋಡಿದ,
ಅವಳು ಡೆಸ್ಕಿನ ಮೇಲಿನ ಗೀರು ನೋಡಿದಳು.
ಬೆಲ್ಲು ಹೊಡೆದದ್ದು ನನ್ನ ಪುಣ್ಯ.

ಸ್ಟಾಫ್‌ರೂಮಿನ ನಲ್ಲಿಯಲ್ಲಿ ಕೈ ತೊಳೆದೆ.
ಸುಣ್ಣ ಹೋಯಿತು, ಉಗುರಿನಂಚಿನದು ಹೋಗಲಿಲ್ಲ.
ಟೆಸ್ಟಿಗೊಂದು ಪ್ರಶ್ನೆ ಸೇರಿಸಿದೆ, ನೂಲು ಮತ್ತು ಹುಳ, ಚರ್ಚಿಸಿ.
ಮುಖ್ಯಸ್ಥರು ಸಿಟ್ಟಾಗಲಿಲ್ಲ, ಚಹಾ ಹೀರುತ್ತ ಅಳಿಸಿದರು:
"ಸಿಲಬಸ್ಸಲ್ಲಿಲ್ವಲ್ಲಮ್ಮ."

ನಿನ್ನೆ ರಾತ್ರಿ ಪೇಪರು ತಿದ್ದುತ್ತಿದ್ದೆ.
ಚಲಪತಿ ಎರಡನೇ ಪ್ರಶ್ನೆ ಬಿಟ್ಟಿದ್ದಾನೆ.
ತಸ್ಕೀನ್ ಎಲ್ಲ ಬರೆದಿದ್ದಾಳೆ,
ನನ್ನದೇ ಮಾತು, ನನ್ನದೇ ಅಲ್ಪವಿರಾಮ:
ಎಂಟು ಗೂಡು, ಒಂದು ನೂಲು, ದೇಶವೂ ಹೀಗೇ.
ಕೊನೆಯಲ್ಲಿ ಒಂದು ಸಾಲು ಶುರುಮಾಡಿ
ಸ್ಕೇಲಿಟ್ಟು ನೀಟಾಗಿ ಹೊಡೆದುಹಾಕಿದ್ದಾಳೆ.
ಐದಕ್ಕೆ ಐದು ಕೊಟ್ಟೆ.

ಹಾಳೆ ಮಗುಚಿದರೆ
ಆ ಹೊಡೆದುಹಾಕಿದ ಸಾಲು
ಆಚೆ ಮೈಯಲ್ಲಿ ಉಬ್ಬಿಕೊಂಡಿತ್ತು,
ಬೆರಳಿಗೆ ಸಿಗುತ್ತಿತ್ತು.